ದಾಲ್ ಸರೋವರದ ದಂಡೆಯಿಂದ ಬೈಲಕುಪ್ಪೆಯ ಬಯಲಿಗೆ: ಟಿಬೆಟನ್ ಮಕ್ಕಳ ಗ್ರಾಮದ ಅರವತ್ತೈದು ವರ್ಷ

1960ರ ಮೇ 17ರಂದು ಜಮ್ಮುವಿನ ರಸ್ತೆ ಕಾಮಗಾರಿ ಕ್ಯಾಂಪುಗಳಿಂದ 51 ಟಿಬೆಟನ್ ಮಕ್ಕಳನ್ನು ಧರ್ಮಶಾಲೆಗೆ ಕರೆತಂದರು. ಹೊಟ್ಟೆಗಿಲ್ಲದೆ ಬಡಕಲಾದವರು, ಕಾಯಿಲೆ ಬಿದ್ದವರು, ಹೆತ್ತವರನ್ನು ದಾರಿಯಲ್ಲೇ ಕಳೆದುಕೊಂಡವರು ಅವರಲ್ಲಿದ್ದರು. ಅವರ ಆರೈಕೆಗೆ ತಾವಾಗಿಯೇ ಮುಂದೆ ಬಂದವರು ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ತಕ್ಲಾ. ಅಂದು ‘ಟಿಬೆಟನ್ ನಿರಾಶ್ರಿತ ಮಕ್ಕಳ ನರ್ಸರಿ’ ಎನ್ನಿಸಿಕೊಂಡದ್ದೇ ಮುಂದೆ ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್, ಎಲ್ಲರ ಬಾಯಲ್ಲಿ ಟಿಸಿವಿ, ಆಯಿತು.

ಈ ಅರವತ್ತೈದು ವರ್ಷಗಳಲ್ಲಿ ಸಂಸ್ಥೆ ಕಟ್ಟಿದ ಮನೆ, ಶಾಲೆ, ಹಾಸ್ಟೆಲುಗಳು ಬಹಳ. ನಾನು ಇಲ್ಲಿ ಹೆಚ್ಚಾಗಿ ಹೇಳಬಯಸುವುದು ಎರಡು ಸಂಗತಿಗಳನ್ನು: ಸಂಸ್ಥೆ ತಾನು ಸಾಕಿದ ಮಕ್ಕಳಿಂದಲೇ ಮೇಷ್ಟರುಗಳನ್ನು ತಯಾರು ಮಾಡಿಕೊಂಡದ್ದು, ದಿಕ್ಕುದಿಕ್ಕಿಗೆ ಚದುರಿದ ಜನರ ಮಕ್ಕಳನ್ನು ಫುಟ್‌ಬಾಲ್ ಮೈದಾನದಲ್ಲಿ ಒಟ್ಟುಗೂಡಿಸಿದ್ದು. ನೆಲ ಕಳೆದುಕೊಂಡ ಮಗುವಿಗೆ ಊಟ, ಬಟ್ಟೆಯ ಜೊತೆಗೆ ತನ್ನನ್ನು ಬಿಟ್ಟುಹೋಗದ ಒಬ್ಬ ಹಿರಿಯರು ಬೇಕು, ಓರಗೆಯವರ ಗುಂಪೂ ಬೇಕು. ಇದನ್ನು ಟಿಸಿವಿ ಬಹಳ ಬೇಗ ಕಂಡುಕೊಂಡಿತು.

1959–1964: ನರ್ಸರಿಯ ವರ್ಷಗಳು

1959ರ ಮಾರ್ಚಿನಲ್ಲಿ ದಲೈ ಲಾಮಾ ಲಾಸಾ ಬಿಟ್ಟು ತವಾಂಗ್ ದಾರಿಯಾಗಿ ಭಾರತಕ್ಕೆ ಬಂದರು. ಅವರ ಹಿಂದೆಯೇ ಸುಮಾರು 80 ಸಾವಿರ ಜನ ಗಡಿ ದಾಟಿದರು. ಅಸ್ಸಾಮಿನ ಮಿಸ್ಸಾಮಾರಿ, ಬಂಗಾಳದ ಬಕ್ಸಾಗಳ ಕ್ಯಾಂಪುಗಳಲ್ಲಿ ಅವರಿಗೆ ತಾತ್ಕಾಲಿಕ ನೆಲೆ ಸಿಕ್ಕಿತು. ತಂಪು ನಾಡಿನವರಿಗೆ ಆ ಸೆಕೆ, ಆ ನೀರು ಒಗ್ಗಲಿಲ್ಲ; ಕ್ಷಯ ಹಬ್ಬಿತು. ಗಟ್ಟಿಮುಟ್ಟಾಗಿದ್ದವರನ್ನು ಹಿಮಾಲಯದ ತಪ್ಪಲಿನ ರಸ್ತೆ ಕೆಲಸಕ್ಕೆ ಕಳಿಸಲಾಯಿತು. ಗಂಡ ಹೆಂಡತಿ ಇಬ್ಬರೂ ಕಲ್ಲು ಒಡೆಯುತ್ತಿದ್ದರೆ ಕೂಸುಗಳು ರಸ್ತೆ ಬದಿಯ ಡೇರೆಗಳಲ್ಲಿ ಇರಬೇಕಿತ್ತು. ಗುಡ್ಡ ಕುಸಿದರೆ, ಮದ್ದುಗುಂಡು ಸಿಡಿದರೆ ಮಕ್ಕಳು ಅನಾಥರಾಗುತ್ತಿದ್ದರು.

1959ರ ಏಪ್ರಿಲಿನಲ್ಲಿ ಮಸ್ಸೂರಿಯಲ್ಲಿ ದಲೈ ಲಾಮಾ ಮತ್ತು ಜವಾಹರಲಾಲ್ ನೆಹರೂ ಭೇಟಿಯಾದರು. ಟಿಬೆಟನ್ ಮಕ್ಕಳ ಓದಿಗೆ ಪ್ರತ್ಯೇಕ ಶಾಲೆಗಳಿರಬೇಕು, ಅಲ್ಲಿ ಅವರ ಭಾಷೆ ಸಂಸ್ಕೃತಿಗಳ ಜೊತೆಗೆ ಹೊಸ ಕಾಲದ ವಿದ್ಯೆಯೂ ಸಿಗಬೇಕು ಎಂಬ ವಿಷಯದಲ್ಲಿ ನೆಹರೂ ದೃಢವಾಗಿದ್ದರು. 1960ರ ಮಾರ್ಚ್ 3ರಂದು ಮಸ್ಸೂರಿಯಲ್ಲಿ ಮೊದಲ ಶಾಲೆ ತೆರೆಯಿತು. ಮರುವರ್ಷ ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿ ಟಿಬೆಟನ್ ಶಾಲೆಗಳಿಗೆಂದೇ ಸ್ವಾಯತ್ತ ಸಂಸ್ಥೆಯೊಂದು ರೂಪುಗೊಂಡಿತು. ಆಗ ಶಿಕ್ಷಣ ಸಚಿವರಾಗಿದ್ದ ಡಾ. ಕೆ.ಎಲ್. ಶ್ರೀಮಾಲಿಯವರೇ ಕೆಲವು ವರ್ಷಗಳ ಬಳಿಕ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ನಮ್ಮ ನಾಡಿಗೆ ಬಂದವರು.

ಧರ್ಮಶಾಲೆಯ ನರ್ಸರಿಗೆ ಸರ್ಕಾರ ಕೊಟ್ಟ ಮೊದಲ ಕಟ್ಟಡ ಕೋನಿಯಂ ಹೌಸ್. ಬ್ರಿಟಿಷರ ಕಾಲದ ಬಂಗಲೆ. ಕೆಲವೇ ತಿಂಗಳಲ್ಲಿ ಮಕ್ಕಳ ಸಂಖ್ಯೆ ನೂರುಗಳಿಗೆ ಏರಿ ಕಾಲಿಡಲು ಜಾಗವಿಲ್ಲದಂತಾಯಿತು. ಒಂದೊಂದು ಮಂಚದ ಮೇಲೆ ಐದಾರು ಮಕ್ಕಳನ್ನು ಉದ್ದಕ್ಕೆ ಮಲಗಿಸದೆ ಅಡ್ಡಡ್ಡ ಮಲಗಿಸುತ್ತಿದ್ದರು. ಹಾಗೆ ಮಾಡಿದರೆ ಹೆಚ್ಚು ಮಕ್ಕಳಿಗೆ ಜಾಗ ಸಿಗುತ್ತಿತ್ತು. ಉಳಿದವರಿಗೆ ನೆಲವೇ ಗತಿ. ಸಿಡುಬು, ಕಜ್ಜಿ, ಭೇದಿ ಒಬ್ಬರಿಂದ ಒಬ್ಬರಿಗೆ ಹರಡುತ್ತಿತ್ತು. ಹತ್ತು ಹನ್ನೆರಡು ವರ್ಷದ ಹುಡುಗಿಯರೇ ಪುಟ್ಟ ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗುತ್ತಿದ್ದರು. ಅವರೇ ಈ ಸಂಸ್ಥೆಯ ಮೊದಲ ಪಾಲಕಿಯರು ಎಂದರೆ ತಪ್ಪಾಗದು.

ಇಷ್ಟು ಮಕ್ಕಳನ್ನು ಇಟ್ಟುಕೊಳ್ಳಲು ಆಗದೆ ಎಂಟು ವರ್ಷ ತುಂಬಿದವರನ್ನು ಮಸ್ಸೂರಿ, ಶಿಮ್ಲಾ, ಡಾರ್ಜಿಲಿಂಗ್ ಮುಂತಾದ ಕಡೆಯ ವಸತಿ ಶಾಲೆಗಳಿಗೆ ಕಳಿಸುವ ಕ್ರಮ ಬಂತು. ಅದೇ ಹೊತ್ತಿನಲ್ಲಿ ಉದ್ಯಮಿ ಚಾರ್ಲ್ಸ್ ಏಶಿಮನ್ ಅವರ ಪ್ರಯತ್ನದಿಂದ ನೂರೈವತ್ತಕ್ಕೂ ಹೆಚ್ಚು ಮಕ್ಕಳು ಸ್ವಿಟ್ಜರ್ಲೆಂಡಿನ ಮನೆಗಳಿಗೆ ಸೇರಿದರು. ಮಕ್ಕಳನ್ನು ಅಷ್ಟು ದೂರ ಕಳಿಸಿದ್ದರ ಬಗ್ಗೆ ಸಮುದಾಯದ ಒಳಗೆ ಎರಡು ಅಭಿಪ್ರಾಯಗಳಿದ್ದವು, ಇಂದಿಗೂ ಇವೆ. ಅಂದಿನ ಹಸಿವು, ರೋಗಗಳನ್ನು ಎದುರಿಟ್ಟುಕೊಂಡು ನೋಡಿದರೆ ಆ ನಿರ್ಧಾರ ಮಾಡಿದವರ ಸಂಕಟ ಅರ್ಥವಾಗುತ್ತದೆ. ಮುಂದೆ ಸಂಸ್ಥೆ ಮಕ್ಕಳನ್ನು ತನ್ನ ಮಡಿಲಲ್ಲೇ ಬೆಳೆಸುವ ದಾರಿ ಹಿಡಿಯಲು ಆ ಅನುಭವವೂ ಒಂದು ಕಾರಣವಾಗಿರಬೇಕು.

1964–1972: ನರ್ಸರಿ ಗ್ರಾಮವಾದದ್ದು

1964ರ ನವೆಂಬರಿನಲ್ಲಿ ತ್ಸೆರಿಂಗ್ ಡೋಲ್ಮಾ ತೀರಿಕೊಂಡರು. ಆಗಷ್ಟೇ ಯುರೋಪಿನಲ್ಲಿ ಓದು ಮುಗಿಸಿ ಬಂದಿದ್ದ ಅವರ ತಂಗಿ ಜೆಟ್ಸುನ್ ಪೆಮಾ ಹೊಣೆ ವಹಿಸಿಕೊಂಡರು. ಅವರಿಗೆ ಆಗ 24 ವರ್ಷ. ಅಲ್ಲಿಂದ 2006ರವರೆಗೆ, ನಲವತ್ತೆರಡು ವರ್ಷ, ಸಂಸ್ಥೆಯನ್ನು ನಡೆಸಿದರು. ಮಕ್ಕಳಿಗೆ ಅವರು ‘ಅಮಾ-ಲಾ’. 2018ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು.

ಅವರ ಕಾಲದ ಮೊದಲ ದೊಡ್ಡ ಬದಲಾವಣೆ ಮಕ್ಕಳ ವಾಸದ್ದು. ಸಾಲು ಮಂಚಗಳ ದೊಡ್ಡ ಹಾಲ್ ತೆಗೆದು ಚಿಕ್ಕಚಿಕ್ಕ ಮನೆಗಳನ್ನು ಕಟ್ಟಿಸಿದರು. ಎರಡನೆಯ ಮಹಾಯುದ್ಧದ ಅನಾಥ ಮಕ್ಕಳಿಗಾಗಿ ಆಸ್ಟ್ರಿಯಾದಲ್ಲಿ 1949ರಲ್ಲಿ ಹರ್ಮನ್ ಗ್ಮೈನರ್ ಶುರು ಮಾಡಿದ ಎಸ್‌ಒಎಸ್ ಮಕ್ಕಳ ಗ್ರಾಮದ ಮಾದರಿ ಅದು: ಒಂದು ಮನೆ, ಒಬ್ಬ ತಾಯಿ, ಬೇರೆ ಬೇರೆ ವಯಸ್ಸಿನ ಮಕ್ಕಳು. ಟಿಸಿವಿಯಲ್ಲಿ ಒಂದು ಮನೆಗೆ ಮೂವತ್ತು ನಲವತ್ತು ಮಕ್ಕಳಾಗುತ್ತಿದ್ದರು. ಯುರೋಪಿನವರಿಗೆ ಈ ಲೆಕ್ಕ ವಿಪರೀತ ಎನಿಸಿರಬಹುದು, ಇಲ್ಲಿ ಬೇರೆ ದಾರಿಯಿರಲಿಲ್ಲ. ಮನೆಯಲ್ಲಿ ದೊಡ್ಡವರು ಚಿಕ್ಕವರಿಗೆ ಮುಖ ತೊಳೆಸಬೇಕು, ಟಿಂಗ್‌ಮೋಗೆ (ಆವಿಯಲ್ಲಿ ಬೇಯಿಸುವ ಬ್ರೆಡ್) ಹಿಟ್ಟು ನಾದಬೇಕು, ಪಾತ್ರೆ ತೊಳೆಯಬೇಕು. ಸರದಿಯಿಂದ ಯಾರಿಗೂ ಬಿಡುವಿಲ್ಲ. 1972ರಲ್ಲಿ ಸಂಸ್ಥೆ ‘ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್’ ಎಂದು ನೋಂದಣಿಯಾಗಿ ಎಸ್‌ಒಎಸ್ ಅಂತರರಾಷ್ಟ್ರೀಯ ಬಳಗದ ಸದಸ್ಯತ್ವ ಪಡೆಯಿತು. ಅಷ್ಟರಲ್ಲಿ ಹೊರಗಿನ ವಸತಿ ಶಾಲೆಗಳೂ ಭರ್ತಿಯಾಗಿದ್ದವು. ಹೀಗಾಗಿ ನರ್ಸರಿಯೇ ಪೂರ್ಣ ಪ್ರಮಾಣದ ಶಾಲೆಯಾಗಬೇಕಾಯಿತು. ಧರ್ಮಶಾಲೆಯ ಮೇಲಿನ ಕಾಡಿನಲ್ಲಿ, ದಾಲ್ ಎಂದೇ ಕರೆಯುವ (ಕಾಶ್ಮೀರದ್ದಲ್ಲ) ಪುಟ್ಟ ಸರೋವರದ ಪಕ್ಕದಲ್ಲಿ ಇಂದು ಕಾಣುವ ಗ್ರಾಮ ಹೀಗೆ ಬೆಳೆಯಿತು. ಅದರ ಧ್ಯೇಯವಾಕ್ಯ: ತನಗಿಂತ ಮೊದಲು ಇತರರು.

1960–1985: ದಕ್ಷಿಣದ ನೆಲ

ನಿರಾಶ್ರಿತರಿಗೆ ಜಮೀನು ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿಕೊಂಡಾಗ ದೊಡ್ಡ ಮನಸ್ಸು ಮಾಡಿದ್ದು ಅಂದಿನ ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಅವರಿಗಾಗಿ ಸಿಕ್ಕಿತು. 1960ರ ಡಿಸೆಂಬರಿನಲ್ಲಿ ಮೊದಲ ತಂಡ ಬಂದಿಳಿಯಿತು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ. ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇಂದಿಗೂ ಕೈಮುಗಿದು ನೆನೆಯುತ್ತಾರೆ.

ಬೈಲಕುಪ್ಪೆಯ ಮೊದಲ ವರ್ಷಗಳು ಸುಲಭದ್ದಾಗಿರಲಿಲ್ಲ. ಬಿದಿರು ಮೆಳೆ ಕಡಿಯಬೇಕು, ಆನೆಗಳಿಗೆ ಹೆದರಿ ರಾತ್ರಿ ಕಾವಲಿರಬೇಕು, ಎಂದೂ ಕಾಣದ ಮಳೆಗಾಲದ ಬೇಸಾಯ ಕಲಿಯಬೇಕು. ಕೊನೆಗೆ ಕೈಹಿಡಿದ ಬೆಳೆ ಮುಸುಕಿನ ಜೋಳ. ಅದರ ವರಮಾನ ವರ್ಷಕ್ಕೆ ಸಾಲದೆ ಸ್ವೆಟರ್ ವ್ಯಾಪಾರ ಶುರುವಾಯಿತು. ಚಳಿಗಾಲ ಬಂತೆಂದರೆ ನಮ್ಮ ಊರುಗಳ ಬಸ್ ಸ್ಟ್ಯಾಂಡಿನ ಪಕ್ಕ, ಪಾರ್ಕಿನ ಬೇಲಿಗೆ ಒರಗಿ ಸ್ವೆಟರ್ ಅಂಗಡಿಗಳ ಸಾಲು ಏಳುತ್ತಿದ್ದುದನ್ನು ಯಾರು ನೋಡಿಲ್ಲ? ಆ ಅಂಗಡಿಯಲ್ಲಿ ಕೂತ ತಾಯಿಯ ಮಕ್ಕಳು ಆ ಮೂರು ನಾಲ್ಕು ತಿಂಗಳು ಎಲ್ಲಿರುತ್ತಿದ್ದರು ಎಂದು ನಾವು ಹೆಚ್ಚಾಗಿ ಕೇಳಲಿಲ್ಲ. ಅಜ್ಜ ಅಜ್ಜಿಯರ ಬಳಿ ಇರುತ್ತಿದ್ದರು, ಇಲ್ಲವೇ ಶಾಲೆಯ ವಸತಿಯಲ್ಲಿ. ಟಿಸಿವಿ 1975ರಲ್ಲಿ ಲಡಾಖಿನ ಚೋಗ್ಲಮ್‌ಸರ್‌ನಲ್ಲಿ ಕೆಲಸ ಆರಂಭಿಸಿತು; 1980ರ ದಶಕದಲ್ಲಿ ಬೈಲಕುಪ್ಪೆಯಲ್ಲೂ ಅದರ ಮಕ್ಕಳ ಗ್ರಾಮ ನೆಲೆಯೂರಿತು. ಅನಾಥರಿಗಾಗಿ ಹುಟ್ಟಿದ ಸಂಸ್ಥೆ ದುಡಿಯುವ ಬಡವರ ಮಕ್ಕಳ ಸಂಸ್ಥೆಯೂ ಆದದ್ದು ಈ ಘಟ್ಟದಲ್ಲಿ. ಗುರಿ ಹೀಗೆ ಹಿಗ್ಗಿದ್ದನ್ನು ನಾನು ಅದರ ಚರಿತ್ರೆಯ ಮುಖ್ಯ ತಿರುವು ಎಂದು ಎಣಿಸುತ್ತೇನೆ.

ಗೆನ್-ಲಾಗಳ ತಯಾರಿ

ಟಿಬೆಟನ್ ಮಕ್ಕಳು ಮೇಷ್ಟರನ್ನು ‘ಗೆನ್-ಲಾ’ ಎನ್ನುತ್ತಾರೆ. ಶುರುವಿನ ವರ್ಷಗಳಲ್ಲಿ ಗೆನ್-ಲಾಗಳಾಗಿದ್ದವರು ಬಹುಮಟ್ಟಿಗೆ ಭಿಕ್ಷುಗಳು ಮತ್ತು ಲಾಸಾದಲ್ಲಿ ಓದು ಬರಹ ಕಲಿತಿದ್ದ ಕೆಲವು ಅಧಿಕಾರಿಗಳು. ಅವರಿಗೆ ಗ್ರಂಥ ಗೊತ್ತಿತ್ತು, ಐದು ವರ್ಷದ ಮಗುವಿಗೆ ಕಲಿಸುವ ಬಗೆ ಗೊತ್ತಿರಲಿಲ್ಲ. ಗಣಿತ, ವಿಜ್ಞಾನ, ಇಂಗ್ಲಿಷಿಗೆ ಭಾರತೀಯ ಶಿಕ್ಷಕರು ಬಂದರು. ಅವರ ಸೇವೆ ದೊಡ್ಡದು. ಆದರೆ ಅವರಿಗೆ ಮಕ್ಕಳ ಭಾಷೆ ತಿಳಿಯದು.

ಈ ಕಂದಕ ಮುಚ್ಚಲು ಸಂಸ್ಥೆ ಹುಡುಕಿದ ದಾರಿ ತನ್ನ ಹಳೆಯ ವಿದ್ಯಾರ್ಥಿಗಳನ್ನೇ ತರಬೇತಿಗೊಳಿಸಿ ಶಾಲೆಗೆ ಕರೆಸಿಕೊಳ್ಳುವುದು. ‘ಕಲಿಯಲು ಬನ್ನಿ, ಸೇವೆಗೆ ಹೋಗಿ’ ಎಂದು ಶಾಲೆಯ ಬಾಗಿಲಲ್ಲಿ ಬರೆದ ಮಾತಿಗೆ ಇದರಿಂದ ಕಣ್ಣಿಗೆ ಕಾಣುವ ಅರ್ಥ ಬಂತು. ಎಳೆಯರ ತರಗತಿಗಳಿಗೆ ಮಾಂಟೆಸ್ಸೊರಿ ಪದ್ಧತಿ ಹೊಂದಿಕೊಂಡಿತು. ಮಾರಿಯಾ ಮಾಂಟೆಸ್ಸೊರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಯುದ್ಧಕಾಲವೆಲ್ಲ ಈ ದೇಶದಲ್ಲೇ ಉಳಿದು ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟಿದ್ದರು. ಹಾಗಾಗಿ ಈ ಪದ್ಧತಿ ಬಲ್ಲವರು ಭಾರತದಲ್ಲಿ ಸಾಕಷ್ಟು ಜನರಿದ್ದರು. ಕೈಯಿಂದ ಮುಟ್ಟಿ, ಜೋಡಿಸಿ, ಬಿಡಿಸಿ ಕಲಿಯುವ ಕ್ರಮ ಮಾತೇ ಆಡದ, ಬೆಚ್ಚಿಬಿದ್ದ ಮಕ್ಕಳಿಗೆ ಹಿಡಿಸಿತು.

ಹಳೆಯದರಲ್ಲಿ ಒಳ್ಳೆಯದನ್ನು ಅವರು ಬಿಡಲಿಲ್ಲ. ಅಕ್ಷರ ಬರೆಸುವ ಮರದ ಹಲಗೆ ಅದಕ್ಕೆ ಸಾಕ್ಷಿ. ಕಪ್ಪು ಹಲಗೆಯ ಮೇಲೆ ಮಗು ಸೀಮೆಸುಣ್ಣದ ಪುಡಿಯಿಂದ ಸಾಲು ಮೂಡಿಸಿಕೊಳ್ಳುತ್ತದೆ. ಬಿದಿರಿನ ಲೇಖನಿ ಹಿಡಿದು ಮೂವತ್ತು ವ್ಯಂಜನಗಳನ್ನು, ನಾಲ್ಕು ಸ್ವರಚಿಹ್ನೆಗಳನ್ನು ತಿದ್ದುತ್ತದೆ. ಗೆನ್-ಲಾ ನೋಡಿದ ಮೇಲೆ ಹಲಗೆ ತೊಳೆದು ಬಿಸಿಲಿಗೆ ಇಟ್ಟು ಮತ್ತೆ ಮೊದಲಿನಿಂದ. ಕಾಗದ ದುಬಾರಿಯಾಗಿದ್ದ ಕಾಲದಲ್ಲಿ ಇದು ಉಳಿತಾಯವೂ ಆಗಿತ್ತು. ದುಂಡಗೆ ಬರೆಯುವ ಕೈ ಆ ಹಲಗೆಯಿಂದಲೇ ಬಂತು ಎಂದು ಹಿರಿಯ ಶಿಕ್ಷಕರು ಹೇಳುತ್ತಾರೆ.

1985ರಲ್ಲಿ ಟಿಸಿವಿ ಪ್ರಾಥಮಿಕ ತರಗತಿಗಳ ಪಾಠವನ್ನು ಟಿಬೆಟನ್ ಮಾಧ್ಯಮಕ್ಕೆ ಬದಲಿಸುವ ಕೆಲಸಕ್ಕೆ ಕೈ ಹಾಕಿತು. ಪೋಷಕರಲ್ಲಿ, ಶಿಕ್ಷಕರಲ್ಲಿಯೂ ಅಳುಕಿತ್ತು. ಇಂಗ್ಲಿಷ್ ಹಿಂದೆ ಬಿದ್ದರೆ ಮಕ್ಕಳು ಕಾಲೇಜಿನಲ್ಲಿ, ಕೆಲಸದಲ್ಲಿ ಏನು ಮಾಡಬೇಕು? ಗೋಕಾಕ್ ಚಳವಳಿಯನ್ನು ಕಂಡ ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. ಚರ್ಚೆ ದೀರ್ಘವಾಗಿ ನಡೆದು, ಐದನೆಯ ತರಗತಿಯವರೆಗೆ ಟಿಬೆಟನ್ ಮಾಧ್ಯಮ, ಇಂಗ್ಲಿಷ್ ಒಂದು ಭಾಷೆಯಾಗಿ, ಆಮೇಲೆ ಇಂಗ್ಲಿಷ್ ಮಾಧ್ಯಮ ಎಂಬಲ್ಲಿಗೆ ಬಂದು ನಿಂತಿತು. ಹೇಳುವುದು ಸುಲಭ; ಗಣಿತ ವಿಜ್ಞಾನಗಳಿಗೆ ಪಠ್ಯಪುಸ್ತಕ ಎಲ್ಲಿಂದ ಬರಬೇಕು? ಪಾರಿಭಾಷಿಕ ಪದಗಳನ್ನು ಕಟ್ಟಬೇಕು, ಬರೆದದ್ದನ್ನು ತರಗತಿಯಲ್ಲಿ ಪರೀಕ್ಷಿಸಬೇಕು, ಮತ್ತೆ ತಿದ್ದಬೇಕು. ಈ ಕೆಲಸ ಮಾಡಿದವರು ತರಬೇತಿ ಪಡೆದ ಗೆನ್-ಲಾಗಳೇ. ಮೊದಲೇ ಶಿಕ್ಷಕರ ತಯಾರಿ ನಡೆದಿರದಿದ್ದರೆ ಆ ನಿರ್ಧಾರ ಕಾಗದದಲ್ಲೇ ಉಳಿಯುತ್ತಿತ್ತು. 2004ರಲ್ಲಿ ದೇಶಭ್ರಷ್ಟ ಟಿಬೆಟನ್ನರ ಸಂಸತ್ತು ಒಪ್ಪಿದ ಮೂಲ ಶಿಕ್ಷಣ ನೀತಿಗೂ ಇಂಥ ಅನುಭವದ ಬುನಾದಿಯಿತ್ತು.

1980–2008: ಹಿಮದ ದಾರಿಯಲ್ಲಿ ಬಂದವರು

1980ರ ನಂತರ ಟಿಬೆಟಿನ ಗಡಿ ಸ್ವಲ್ಪ ಸಡಿಲವಾದಾಗ ಹೊಸ ಬಗೆಯ ಮಕ್ಕಳು ಬರತೊಡಗಿದರು. ಇವರು ಅನಾಥರಲ್ಲ. ಅಲ್ಲಿ ತಮ್ಮ ಭಾಷೆಯ ಓದು ಸಿಗದೆಂದು ಹೆತ್ತವರೇ ದಾರಿ ಬಲ್ಲವರ ಕೈಗೆ ಒಪ್ಪಿಸಿ ಕಳಿಸಿದವರು. 5,700 ಮೀಟರಿಗೂ ಎತ್ತರದ ನಾಂಗ್ಪಾ ಲಾ ಕಣಿವೆ ದಾಟಿ ನೇಪಾಳಕ್ಕೆ, ಅಲ್ಲಿಂದ ದೆಹಲಿಗೆ, ಧರ್ಮಶಾಲೆಗೆ. ಕಾವಲು ಕಡಿಮೆಯೆಂದು ಚಳಿಗಾಲದಲ್ಲೇ ಹೊರಡುತ್ತಿದ್ದರು. ಹಿಮ ಕಚ್ಚಿ ಕಾಲ್ಬೆರಳು ಕಳೆದುಕೊಂಡ ಮಕ್ಕಳು ಶಾಲೆಯಲ್ಲಿ ಇದ್ದರು. 2006ರ ಸೆಪ್ಟೆಂಬರ್ 30ರಂದು ಆ ಕಣಿವೆಯಲ್ಲಿ ಚೀನೀ ಗಡಿ ಸಿಪಾಯಿಗಳು ಹಾರಿಸಿದ ಗುಂಡಿಗೆ 17 ವರ್ಷದ ಭಿಕ್ಷುಣಿಯೊಬ್ಬಳು ಬಲಿಯಾದಳು. ಆ ತಂಡದಲ್ಲಿ ಮಕ್ಕಳೂ ಇದ್ದರು. ಚೋ ಓಯು ಶಿಖರ ಏರಲು ಬಂದಿದ್ದ ವಿದೇಶಿ ಪರ್ವತಾರೋಹಿಗಳು ಕಣ್ಣಾರೆ ಕಂಡದ್ದರಿಂದ ಜಗತ್ತಿಗೆ ಅದು ತಿಳಿಯಿತು.

ಹೀಗೆ ಬಂದ ಹದಿಮೂರು ಹದಿನಾಲ್ಕರ ಹುಡುಗ, ಅಕ್ಷರ ಗೊತ್ತಿಲ್ಲ. ಅವನನ್ನು ಐದು ವರ್ಷದವರ ಜೊತೆ ಕೂರಿಸಿದರೆ ನಾಚಿಕೆಯಿಂದ ಓಡಿಹೋಗುತ್ತಾನೆ. ಇಂಥವರಿಗಾಗಿ ‘ಆಪರ್ಚುನಿಟಿ ಕ್ಲಾಸ್’ಗಳು ಶುರುವಾದವು, ವರ್ಷಕ್ಕೆ ಎರಡು ತರಗತಿಗಳ ಪಾಠ ಮುಗಿಸಿ ಓರಗೆಯವರನ್ನು ಹಿಡಿಯುವಂತೆ ಮಾಡುವ ಪ್ರಯತ್ನ. ಹಿಮಾಚಲದ ಬೀರ್ ಬಳಿಯ ಸುಜಾ ಶಾಲೆ ಬಹುಪಾಲು ಇವರದೇ ಆಗಿತ್ತು. ತರಬೇತಿ ಕಾಲೇಜಿನ ಪುಸ್ತಕದಲ್ಲಿ ಈ ಕೆಲಸಕ್ಕೆ ಅಧ್ಯಾಯವಿರಲಿಲ್ಲ. ಶಿಕ್ಷಕರು ಪರಸ್ಪರ ನೋಡಿ ಕಲಿತರು: ರಾತ್ರಿ ಬೆಚ್ಚಿ ಏಳುವವನ ಪಕ್ಕ ಯಾರು ಮಲಗಬೇಕು, ಮನೆಗೆ ಫೋನ್ ಮಾಡಿದರೆ ಅಲ್ಲಿದ್ದವರಿಗೆ ತೊಂದರೆಯಾಗುತ್ತದೆ ಎಂದು ಹನ್ನೆರಡರ ಹುಡುಗಿಗೆ ಹೇಗೆ ಹೇಳಬೇಕು. ಈ ಸಂಸ್ಥೆಯ ಶಿಕ್ಷಕ ತರಬೇತಿಯ ತಿರುಳು ಇಲ್ಲಿದೆ ಎಂದೇ ನನ್ನ ನಂಬಿಕೆ. ಹೆಚ್ಚಿನ ಸಂಖ್ಯೆ ಇದ್ದ ಕಾಲದಲ್ಲಿ ಟಿಸಿವಿ 16 ಸಾವಿರಕ್ಕೂ ಹೆಚ್ಚು ಮಕ್ಕಳ ಹೊಣೆ ಹೊತ್ತಿತ್ತು.

1981ರಿಂದ: ಚೆಂಡು ಮತ್ತು ಬಯಲು

ಟಿಬೆಟಿನ ಖಾಮ್ ಪ್ರಾಂತ್ಯದ ಹುಡುಗನ ಮಾತು ಆಮ್ಡೋ ಪ್ರಾಂತ್ಯದವನಿಗೆ ತಿಳಿಯದು; ಇಬ್ಬರ ಮಾತೂ ಬೈಲಕುಪ್ಪೆಯಲ್ಲಿ ಹುಟ್ಟಿದವನಿಗೆ ಪೂರ್ತಿ ಅರ್ಥವಾಗದು. ಆದರೆ ಚೆಂಡು ಕಂಡರೆ ಮೂವರೂ ಓಡುತ್ತಾರೆ. ಹೊಸದಾಗಿ ಬಂದ ಮಗು ಮೊದಲ ವಾರದಲ್ಲಿ ತರಗತಿಗಿಂತ ಮೈದಾನದಲ್ಲೇ ಹೆಚ್ಚು ಮಾತಾಡುತ್ತದೆ.

ಟಿಬೆಟನ್ನರಿಗೆ ಫುಟ್‌ಬಾಲ್ ವಲಸೆಯ ನಂತರ ಬಂದದ್ದಲ್ಲ. ಗ್ಯಾಂಟ್ಸೆ, ಲಾಸಾಗಳಿಗೆ ಬಂದ ಬ್ರಿಟಿಷ್ ಸೈನಿಕರು, ಅಧಿಕಾರಿಗಳಿಂದ ಆಟ ಅಲ್ಲಿಗೆ ತಲುಪಿತ್ತು. 1936ರಲ್ಲಿ ಲಾಸಾದಲ್ಲಿ ‘ಲಾಸಾ ಯುನೈಟೆಡ್’ ಎಂಬ ತಂಡವೇ ಇತ್ತು, ಅದರ ಚಿತ್ರಗಳೂ ಉಳಿದಿವೆ. 1940ರ ದಶಕದಲ್ಲಿ ಪಂದ್ಯದ ನಡುವೆ ಆಲಿಕಲ್ಲು ಸುರಿದದ್ದನ್ನು ಅಪಶಕುನವೆಂದು ಬಗೆದು ಆಡಳಿತ ಆಟವನ್ನೇ ನಿಷೇಧಿಸಿತ್ತು ಎಂದು ಆಗ ಲಾಸಾದಲ್ಲಿದ್ದ ಪರ್ವತಾರೋಹಿ ಹೈನ್ರಿಕ್ ಹಾರೆರ್ ಬರೆದಿದ್ದಾರೆ. ತವರಿನಲ್ಲಿ ನಿಂತ ಆಟ ಪರನಾಡಿನಲ್ಲಿ ಬೇರುಬಿಟ್ಟಿತು.

1981ರಲ್ಲಿ ದಲೈ ಲಾಮಾ ಅವರ ತಾಯಿ ತೀರಿಕೊಂಡರು. ‘ಗ್ಯಾಲ್ಯುಮ್ ಚೆನ್ಮೊ’ ಎಂದು ಜನ ಗೌರವದಿಂದ ಕರೆಯುತ್ತಿದ್ದ ಆ ತಾಯಿಯ ನೆನಪಿಗೆ ಅದೇ ವರ್ಷ ಆರಂಭವಾದದ್ದು ಜಿಸಿಎಂ ಚಿನ್ನದ ಕಪ್. ವಸಾಹತುಗಳ ತಂಡಗಳು ಅದರಲ್ಲಿ ಸೆಣಸುತ್ತವೆ. ಕೊಡವ ಕುಟುಂಬಗಳಿಗೆ ಹಾಕಿ ಹಬ್ಬ ಹೇಗೋ ಟಿಬೆಟನ್ನರಿಗೆ ಈ ಕಪ್ ಹಾಗೆ: ಆಟ ಒಂದು ನೆಪ, ದೂರದ ನಂಟರು ಕೂಡುವುದು, ಹೆಣ್ಣು ಗಂಡು ನೋಡುವುದು, ಸುದ್ದಿ ಹಂಚಿಕೊಳ್ಳುವುದು ಎಲ್ಲವೂ ಅಲ್ಲೇ. ಮುಂಡಗೋಡ, ಬೈಲಕುಪ್ಪೆಯ ಯುವಕರಿಗೆ ಕಪ್ ಎಂದರೆ ಪ್ರತಿಷ್ಠೆ. ಗೆರೆಯ ಆಚೆ ಕಡುಗೆಂಪು ವಸ್ತ್ರದ ಭಿಕ್ಷುಗಳೂ ಸಾಲಾಗಿ ನಿಂತು ಕೂಗುತ್ತಾರೆ. ಖ್ಯೆಂತ್ಸೆ ನೊರ್ಬು ಅವರ 1999ರ ಚಿತ್ರ ‘ದಿ ಕಪ್’ ವಿಶ್ವಕಪ್ ನೋಡಲು ಹಂಬಲಿಸುವ ಪುಟ್ಟ ಭಿಕ್ಷುಗಳ ಕಥೆ. ಆ ಹಂಬಲ ಎಲ್ಲಿಂದ ಬಂತೆಂದು ಈ ಬಯಲುಗಳನ್ನು ನೋಡಿದವರಿಗೆ ಗೊತ್ತು.

ಶಾಲೆಗಳ ಆಟದ ಅವಧಿ, ಮನೆಮನೆಗಳ ನಡುವಿನ ಪಂದ್ಯ, ವಸಾಹತಿನ ಕ್ಲಬ್, ಆಮೇಲೆ ಜಿಸಿಎಂ ಕಪ್. ಮೆಟ್ಟಿಲು ಮೆಟ್ಟಿಲಾಗಿ ಬೆಳೆದ ಈ ವ್ಯವಸ್ಥೆಯಿಂದ ಹೊರಬಂದ ಹುಡುಗರು 2001ರ ಜೂನ್ 30ರಂದು ಕೋಪನ್‌ಹೇಗನ್‌ನಲ್ಲಿ ಟಿಬೆಟ್ ಹೆಸರಿನ ಜರ್ಸಿ ತೊಟ್ಟು ಗ್ರೀನ್‌ಲ್ಯಾಂಡ್ ವಿರುದ್ಧ ಆಡಿದರು. ಫಿಫಾ ಮನ್ನಣೆ ಇರಲಿಲ್ಲ, ಚೀನಾದ ಒತ್ತಡ ಇತ್ತು, ಕೈಯಲ್ಲಿ ಪಾಸ್‌ಪೋರ್ಟ್ ಇಲ್ಲದವರ ತಂಡ ಅದು. ಮೊದಲ ಗೋಲು ಹೊಡೆದದ್ದು ಟಿಬೆಟ್. ಪಂದ್ಯ 1–4ರಿಂದ ಸೋತರೂ ಆ ಗೋಲಿನ ಮಾತು ವಸಾಹತುಗಳಲ್ಲಿ ಇಂದಿಗೂ ನಿಂತಿಲ್ಲ. 2018ರಲ್ಲಿ ಲಂಡನ್ನಿನಲ್ಲಿ ನಡೆದ, ಫಿಫಾ ಮನ್ನಣೆ ಇಲ್ಲದ ತಂಡಗಳ ಕೊನಿಫಾ ವಿಶ್ವಕಪ್‌ನಲ್ಲೂ ತಂಡ ಆಡಿತು.

ಹುಡುಗಿಯರಿಗೆ ಈ ಬಯಲು ತಡವಾಗಿ ದಕ್ಕಿತು ಎಂಬುದನ್ನು ಮುಚ್ಚಿಡಬೇಕಿಲ್ಲ. 2010ರ ನಂತರವಷ್ಟೇ ವ್ಯವಸ್ಥಿತ ತರಬೇತಿ ಶುರುವಾಗಿ, ಶಾಲೆಗಳಿಂದ ಆಯ್ದವರ ಮಹಿಳಾ ತಂಡ ರೂಪುಗೊಂಡಿತು. 2017ರಲ್ಲಿ ಡಲ್ಲಾಸ್‌ನ ಪಂದ್ಯಾವಳಿಗೆ ಹೊರಟ ಅವರಿಗೆ ಅಮೆರಿಕದ ವೀಸಾ ಸಿಗಲಿಲ್ಲ. ಅದರಿಂದ ಅವರು ಆಟ ನಿಲ್ಲಿಸಲಿಲ್ಲ. ಇಂದು ಶಾಲಾ ಮೈದಾನಗಳಲ್ಲಿ ಹುಡುಗಿಯರ ತಂಡ ಕಂಡರೆ ಯಾರೂ ಹುಬ್ಬೇರಿಸುವುದಿಲ್ಲ.

2006ರ ನಂತರ

2006ರಲ್ಲಿ ಜೆಟ್ಸುನ್ ಪೆಮಾ ಅವರಿಂದ ತ್ಸೆವಾಂಗ್ ಯೇಶಿ ಅಧ್ಯಕ್ಷತೆ ವಹಿಸಿಕೊಂಡರು. ಅದೇ ದಶಕದ ಕೊನೆಗೆ ಬೆಂಗಳೂರು–ಮೈಸೂರು ರಸ್ತೆಯ ಬಿಡದಿ ಕಡೆಯ ಶೇಷಗಿರಿಹಳ್ಳಿಯಲ್ಲಿ ಉನ್ನತ ಶಿಕ್ಷಣಕ್ಕಾಗಿ ದಲೈ ಲಾಮಾ ಹೆಸರಿನ ಸಂಸ್ಥೆ ತಲೆಯೆತ್ತಿತು. ಐವತ್ತೊಂದು ಮಕ್ಕಳ ನರ್ಸರಿ ಕಾಲೇಜು ಕಟ್ಟುವ ಹಂತಕ್ಕೆ ಬಂದದ್ದು, ಅದೂ ಕರ್ನಾಟಕದ ನೆಲದಲ್ಲಿ, ನಮಗೆಲ್ಲ ಸಂತೋಷದ ವಿಷಯ.

ಆದರೆ 2008ರಲ್ಲಿ ಟಿಬೆಟಿನಲ್ಲಿ ನಡೆದ ಪ್ರತಿಭಟನೆಗಳ ಬಳಿಕ ಗಡಿ ಬಿಗಿಯಾಯಿತು. ವರ್ಷಕ್ಕೆ ಎರಡು ಮೂರು ಸಾವಿರದಷ್ಟಿದ್ದ ಹೊಸಬರ ಸಂಖ್ಯೆ ಕ್ರಮೇಣ ಬೆರಳೆಣಿಕೆಗೆ ಇಳಿಯಿತು. ಇತ್ತ ಭಾರತದಲ್ಲಿದ್ದವರು ಅಮೆರಿಕ, ಕೆನಡಾ, ಯುರೋಪುಗಳತ್ತ ಹೊರಟರು. 2009ರ ಗಣತಿಯಲ್ಲಿ ಭಾರತದಲ್ಲಿ ಸುಮಾರು 94 ಸಾವಿರ ಟಿಬೆಟನ್ನರಿದ್ದರು. ಒಂದು ದಶಕದಲ್ಲಿ ಅದು 72 ಸಾವಿರದ ಆಸುಪಾಸಿಗೆ ಬಂದಿತ್ತು. ಕೇಂದ್ರ ಸರ್ಕಾರದ ಹಲವು ಶಾಲೆಗಳೂ ಹಂತಹಂತವಾಗಿ ದೇಶಭ್ರಷ್ಟ ಟಿಬೆಟನ್ ಆಡಳಿತಕ್ಕೆ ವರ್ಗವಾದವು. ಮಕ್ಕಳು ಕಡಿಮೆಯಾದಲ್ಲಿ ಶಾಲೆಗಳನ್ನು ವಿಲೀನಗೊಳಿಸಬೇಕಾಗಿ ಬಂದಾಗ ಊರವರಿಗೆ ನೋವಾದದ್ದು ಸಹಜ. ಮಾತುಕತೆಗಳ ನಂತರ ಹೆಚ್ಚಿನ ವಿಲೀನಗಳು ನೆಮ್ಮದಿಯಿಂದಲೇ ನಡೆದವು. ಖಾಲಿ ಬಿದ್ದ ಹಾಸಿಗೆಗಳಿಗೆ ಹಿಮಾಲಯದ ಗಡಿನಾಡಿನ ಬಡ ಮಕ್ಕಳು ಬಂದಿದ್ದಾರೆ.

ಗೆನ್-ಲಾಗಳ ಕೊರತೆ ಈಗ ಬೇರೆ ರೀತಿಯದು. ತರಬೇತಿ ಪಡೆದ ತರುಣರು ವಿದೇಶಕ್ಕೆ ಹೊರಡುತ್ತಾರೆ. ಉಳಿದವರ ಕೈ ಬಲಪಡಿಸಲು ಸಂಸ್ಥೆ ತರಬೇತಿಯ ಮೇಲೆ ಇನ್ನಷ್ಟು ಹಣ, ಗಮನ ಹಾಕಬೇಕೆಂಬುದು ಹಿತೈಷಿಗಳ ಆಶಯ.

ಕರ್ನಾಟಕದ ನಾವು ಮಾಡಬಹುದಾದದ್ದೂ ಇದೆ. ಪಿರಿಯಾಪಟ್ಟಣ, ಹುಣಸೂರು, ಕುಶಾಲನಗರ, ಮುಂಡಗೋಡಗಳ ನಮ್ಮ ಶಾಲೆಯ ಶಿಕ್ಷಕರು ಮತ್ತು ಗೆನ್-ಲಾಗಳು ವರ್ಷಕ್ಕೊಮ್ಮೆಯಾದರೂ ಜೊತೆ ಕೂತು ಪಾಠ ಹೇಳುವ ಕ್ರಮಗಳನ್ನು ಹಂಚಿಕೊಳ್ಳಲಿ. ಮನೆಮಾತಿನಲ್ಲಿ ಗಣಿತ ಕಲಿಸುವ ಬಗ್ಗೆ ಇಬ್ಬರಿಗೂ ಹೇಳಲು ಬಹಳ ಇದೆ. ಹೋಬಳಿ, ತಾಲ್ಲೂಕು ಮಟ್ಟದಲ್ಲಿ ಫುಟ್‌ಬಾಲ್ ಪಂದ್ಯಾವಳಿ ನಡೆಸುವ ಯುವಕ ಸಂಘಗಳು ಆಹ್ವಾನ ಪತ್ರಿಕೆ ಅಚ್ಚು ಹಾಕಿಸುವಾಗ ಒಂದು ಪ್ರತಿಯನ್ನು ಬೈಲಕುಪ್ಪೆಯ ಟಿಸಿವಿ ಶಾಲೆಗೂ ಕಳಿಸಲಿ, ಹುಡುಗಿಯರ ತಂಡವನ್ನೂ ಕರೆಯಲಿ.